ಜಿನಸ್ತುತಿ ಎಂದು ಬರೆದ ಕ್ಯಾಸೆಟ್

ಕಪಾಟಿನಲ್ಲಿ ಕ್ಯಾಸೆಟ್ ಇರಲಿಲ್ಲ. ಡೈರಿಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ.

“ಅವ್ವಾ, ಇಲ್ಲಿದ್ದ ಕ್ಯಾಸೆಟ್ ಎಲ್ಲಿ?”

“ಜಿನಸ್ತುತೀದಾ? ಕಮಲತ್ತಿಗೆ ಕೊಟ್ಟೆ,” ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. “ಇವತ್ತ ಹುಕ್ಕೇರಿ ಬಸ್ತ್ಯಾಗ ಆಕಿ ನೋಂಪಿ ವ್ರತದ ಪೂಜಿ ಐತೆಲ್ಲ, ಮೈಕಿನ್ಯಾಗ ಹಾಕತಾರಂತ. ನಸುಕಿನ ಬಸ್ಸಿಗೆ ಒಯ್ದ್ಲು.”

ಅದರ ಮೇಲೆ ‘ಜಿನಸ್ತುತಿ’ ಎಂದು ಬರೆದವಳು ನಾನೇ. ಹಾಗೆ ಬರೆದರೆ ನಮ್ಮ ಮನೆಯಲ್ಲಿ ಯಾರೂ ಅದರ ಮೇಲೆ ಬೇರೆ ಹಾಡು ತುಂಬಿಸುವುದಿಲ್ಲ ಎಂಬ ಧೈರ್ಯ. ಒಳಗಿದ್ದದ್ದು ಗುರುಪಾದನ ದನಿ.

ಗುರುಪಾದ ಗೋಕಾಕದ ಕಾಲೇಜಿನಲ್ಲಿ ನನ್ನ ಜೊತೆಗೇ ಓದಿದವನು, ಲಿಂಗಾಯತರ ಹುಡುಗ. ಬಿ.ಎ. ಮುಗಿದ ವರ್ಷ, ೧೯೯೭ರಲ್ಲಿ, ಗೆಳತಿಯೊಬ್ಬಳ ಮನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತು ನನಗಾಗಿ ಹಾಡಿ ತುಂಬಿಸಿದ್ದ. ಮೊದಲು ನಾಲ್ಕು ನಿಮಿಷ ಮಾತಿಲ್ಲದ ಆಲಾಪ. ಆಮೇಲೆ, “ಶುಭಾಂಗಿ, ನಗಬ್ಯಾಡ, ಟೇಪಿನ್ಯಾಗ ಬರ್ತೈತಿ” ಎನ್ನುತ್ತಾನೆ. ನಂತರ ಹಾಡು. ಆ ವರ್ಷವೇ ‘ಹೂಂ ಅನ್ನು, ನಿಮ್ಮ ಮನಿಗೆ ಬಂದು ಹೆಣ್ಣ ಕೇಳ್ತೇನಿ’ ಎಂದು ಎರಡು ಸಲ ಹೇಳಿದ್ದ. ನಾನು ಉತ್ತರವನ್ನು ಡೈರಿಯಲ್ಲಷ್ಟೇ ಬರೆದೆ. ಹೋದ ಮಾಘದಲ್ಲಿ ಅವನ ಮದುವೆಯಾಯಿತು.

ಈಗಲೂ ಅವ್ವ ಹಿತ್ತಲಿಗೆ ಹೋದಾಗಲೆಲ್ಲ ಸದ್ದು ಇಳಿಸಿ, ಸ್ಪೀಕರಿಗೆ ಕಿವಿ ಹಚ್ಚಿ ಕೇಳುತ್ತೇನೆ. ನನ್ನ ಹೆಸರಿನ ನಡುವೆ ಅವನು ಸ್ವಲ್ಪ ಎಳೆಯುತ್ತಾನೆ. ಹಾಗೆ ಬೇರೆ ಯಾರೂ ಕರೆಯುವುದಿಲ್ಲ.

“ನಾನೂ ನೋಂಪಿಗೆ ಹೋಗ್ತೇನಿ.”

“ನಿನ್ನಿ ಅತ್ತಿ ಕೈ ಹಿಡದ ಕರದ್ರ ಒಲ್ಲೆ ಅಂದಿ. ಇವತ್ತೇನ ಬಡಕೊಂಡ್ತ?”

ನಮ್ಮೂರು ಮೂಡಲಗಿಯಿಂದ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಗೋಕಾಕದಲ್ಲಿ ಹುಕ್ಕೇರಿ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ.

“ಯಾವಾಗ ಬಿಡ್ತೈತ್ರಿ?”

“ಸಾಹೇಬ್ರು ಚಾ ಕುಡದ ಮ್ಯಾಲ,” ಎಂದ ಕಂಡಕ್ಟರ್. “ಯಾಕವಾ, ನಿನ್ನ ಮದವಿ ಅಕ್ಕಿಕಾಳಿನ ಹೊತ್ತ ಮೀರತೈತೇನು?”

ಹಿಂದಿನ ಸೀಟಿನವರು ನಕ್ಕರು. ನೋಂಪಿ ಹತ್ತೂವರೆಗೆ. ಆಗಲೇ ಒಂಬತ್ತು ದಾಟಿತ್ತು. ಬಸದಿಯಿರುವ ಅತ್ತಿಯ ಓಣಿಯಲ್ಲಿ ನನ್ನ ಹೆಸರು ಗೊತ್ತಿಲ್ಲದವರಿಲ್ಲ. ದಾರಿಯುದ್ದಕ್ಕೂ ಎದುರಿನ ಸೀಟಿನ ಸರಳು ಹಿಡಿದು ಕೂತಿದ್ದೆ, ಹಾಗೆ ಹಿಡಿದರೆ ಬಸ್ಸು ಬೇಗ ಹೋದೀತು ಎಂಬಂತೆ.

ಬಸದಿಯ ಓಣಿಗೆ ತಿರುಗುವಾಗಲೇ ಆಲಾಪ ಕೇಳಿಸಿತು.

ಗುರುಪಾದ ಇಡೀ ಓಣಿಗೆ ಹಾಡುತ್ತಿದ್ದ. ಇಷ್ಟು ದೊಡ್ಡದಾಗಿ ನಾನು ಅವನನ್ನು ಕೇಳಿರಲೇ ಇಲ್ಲ. ಒಂದು ಗಳಿಗೆ ನಿಂತುಬಿಟ್ಟೆ. ದನಿ ಮೇಲಿನ ಷಡ್ಜಕ್ಕೆ ಏರಿತು. ನನ್ನ ಹೆಸರಿಗೆ ಇನ್ನು ಒಂದು ನಿಮಿಷವೂ ಇಲ್ಲ. ಓಡಿದೆ.

ಅತ್ತಿಯ ಮೈದುನ ವರ್ಧಮಾನ ಕಾಕಾ ಬಸದಿಯ ಪಡಸಾಲೆಯಲ್ಲಿ ಟೇಪ್ ಮುಂದೆ ಕೂತಿದ್ದರು.

“ಏನಬೇ ಶುಭಾ, ಈ ಮನಿಷ್ಯಾ ಎಷ್ಟೊತ್ತು ಆ... ಆ... ಅಂತಾನ? ಸ್ತುತಿ ಯಾವಾಗ ಶುರು ಮಾಡ್ತಾನ?”

ಹಾರ್ಮೋನಿಯಂ ನಿಂತಿತು. ನಾನು ಗುಂಡಿ ಒತ್ತಲಿಲ್ಲ. ಮುಚ್ಚಳಕ್ಕೆ ಬೆರಳು ಹಾಕಿ ಕ್ಯಾಸೆಟ್ಟನ್ನೇ ಕಿತ್ತೆ. ಹೊರಗೆ ಸ್ಪೀಕರ್ “ಶು” ಎಂದು ಸುಮ್ಮನಾಯಿತು.

“ಹೇ ಹುಚ್ಚಿ! ರೀಲ್ ಸುತಗೊಂಡ್ತ ನೋಡ!”

“ಬ್ಯಾರೆ ಕ್ಯಾಸೆಟ್ರಿ ಕಾಕಾ. ಅವ್ವ ತಪ್ಪಿ ಕೊಟ್ಟಾಳ.”

ಕಾಕಾ ಬ್ಲೇಡು ತಗೊಂಡು, ಯಂತ್ರಕ್ಕೆ ಸಿಕ್ಕು ಸುಕ್ಕಾದ ತುಂಡನ್ನು ಕತ್ತರಿಸಿ ತೆಗೆದರು. ಉಳಿದೆರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸಿದರು.

“ನಾಕ ಬೆರಳ ಹೋತು, ಅಷ್ಟ. ಹಾಡಿಗೇನೂ ಆಗಿಲ್ಲ. ಚಲೋ ದನಿ ಐತಿ.”

ನಾಲ್ಕು ಬೆರಳು. ಅಷ್ಟರಲ್ಲಿ ಒಂದು ಹೆಸರು ಹಿಡಿಯುತ್ತದೆಂದು ನನಗೆ ಗೊತ್ತಿತ್ತು.

“ಶುಭಾ, ಬಂದ್ಯಾ? ಹೂವಿನ ಬುಟ್ಟಿ ಹಿಡಿ ಬಾ,” ಅತ್ತಿ ಒಳಗಿನಿಂದ ಬಂದಳು. ಕಾಕಾ ಆ ತುಂಡನ್ನು ಬೆರಳಿಗೆ ಸುತ್ತಿಕೊಂಡು ಕಸದ ಡಬ್ಬಿಯ ಕಡೆಗೆ ಎದ್ದರು.

“ಕಾಕಾ, ಅದನ್ನ ಕೊಡ್ರಿ.”

“ಈ ಸುಕ್ಕ ರೀಲಾ? ಇದನ್ನೇನ ಮಾಡ್ತಿ?”

ಅತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.