ಇಳಿಜಾರಿನ ನಿದ್ದೆ

ಈ ವಯಸ್ಸಿನಲ್ಲಿ ನನಗೊಂದು ನೌಕರಿ ಸಿಕ್ಕಿದೆ. ಗೇರ್ ಬಾಕ್ಸಿನ ಜ್ವರ ನೋಡುವ ನೌಕರಿ. ಸೋಮವಾರ ಮತ್ತು ಗುರುವಾರ ಚಿಂತಾಕಿಯಿಂದ ಬೀದರಿಗೆ ಹೋಗುವಾಗ ಮಗನ ಹಳೆಯ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತೇನೆ. ಕಾರಿನ ಸ್ಟೇರಿಂಗಿನ ಕೆಳಗೆ ಮಗ ಸಿಕ್ಕಿಸಿರುವ ಸಣ್ಣ ಡಬ್ಬಿಯೊಂದು ಗೇರ್ ಬಾಕ್ಸಿನೊಳಗಿನ ಎಣ್ಣೆ ಎಷ್ಟು ಕಾದಿದೆ ಎಂದು ಮೊಬೈಲಿಗೆ ಹೇಳುತ್ತದೆ. ಮೊಬೈಲು ನನಗೆ ತೋರಿಸುತ್ತದೆ. ನಾನು ಗಾಡಿ ಓಡಿಸುವ ನಮ್ಮವರಿಗೆ ಹೇಳಬೇಕು.

“ಎಷ್ಟದ?” ಎನ್ನುತ್ತಾರೆ ಇವರು.

“ತೊಂಬತ್ತರಿ.”

“ಇರಲಿ ಬಿಡು.”

ತೊಂಬತ್ತಿದ್ದರೆ ಇರಲಿ. ನೂರು ದಾಟಿದರೆ ಇವರ ಹುಬ್ಬು ಗಂಟಾಗುತ್ತದೆ. ನೂರಾ ಹತ್ತು ದಾಟಿದರೆ ಗಾಡಿಯನ್ನು ನೆರಳಿಗೆ ಹಾಕಿ ಕಾಯಬೇಕು. ಕಾಯುವುದು ನನಗೆ ಹೊಸದಲ್ಲ.

ನಮ್ಮವರು, ಪಂಢರಿ, ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಜೀವಮಾನವೆಲ್ಲ ಕ್ಲಚ್ ತುಳಿದು ತುಳಿದು ಎಡಗಾಲಿನ ಮೊಣಕಾಲು ಸವೆದುಹೋಯಿತು. ನಿವೃತ್ತಿಯಾದ ಮೇಲೆ ಗಾಡಿ ಮುಟ್ಟುವುದನ್ನೇ ಬಿಟ್ಟಿದ್ದರು. ಅಷ್ಟರಲ್ಲಿ ನನ್ನ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಎಂದರು ಡಾಕ್ಟರು. ಮೊದಮೊದಲು ಬಸ್ಸಿನಲ್ಲಿಯೇ ಹೋಗಿಬಂದೆ. ಒಂದು ದಿನ ಸಂತಪೂರದಲ್ಲಿ ಬಸ್ಸಿನಿಂದ ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದೇಬಿಟ್ಟೆ. ಅದಾದ ಮೇಲೆ, ಭಾಲ್ಕಿಯಲ್ಲಿ ಮಾಸ್ತರನಾಗಿರುವ ಮಗ ಅಶ್ವಜಿತ ಕ್ಲಚ್ಚೇ ಇಲ್ಲದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಹುಡುಕಿ ತಂದು ಅಂಗಳದಲ್ಲಿ ನಿಲ್ಲಿಸಿದ.

“ಅಪ್ಪಾ, ಎಡಗಾಲಿಗಿ ಇದರಾಗ ಕೆಲಸಾನೇ ಇಲ್ಲ” ಎಂದ.

ಇವರು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಅದರ ಸುತ್ತ ತಿರುಗಿದರು. ಒಳಗೆ ಕೂತು ಎಡಗಾಲು ಎಲ್ಲಿಡಬೇಕೆಂದು ತಿಳಿಯದೆ ಮಡಚಿಕೊಂಡರು. ಆ ದಿನದಿಂದ ಈ ಗಾಡಿ ಇದ್ದರೆ ನಾನು. ಗಾಡಿ ನಿಂತರೆ ನನ್ನ ಆಸ್ಪತ್ರೆಯೂ ನಿಲ್ಲುತ್ತದೆ, ಆಸ್ಪತ್ರೆ ನಿಂತರೆ ನಾನೂ ನಿಲ್ಲುತ್ತೇನೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಯಾರಿಗೂ ಗೊತ್ತಿಲ್ಲದ್ದು ಒಂದಿತ್ತು. ನನಗೆ ಸಾಕಾಗಿತ್ತು. ದಪ್ಪ ಸೂಜಿ ಸಾಕಾಗಿತ್ತು, ಉಬ್ಬಿ ನಡುಗುವ ಕೈನರ ಸಾಕಾಗಿತ್ತು, ಬೇಸಗೆಯಲ್ಲಿ ಲೋಟದ ತಳದಷ್ಟು ನೀರನ್ನು ದಿನವಿಡೀ ಗುಟುಕರಿಸುವುದು ಸಾಕಾಗಿತ್ತು. ಒಂದು ದಿನ ಯಂತ್ರಕ್ಕೆ, ಎರಡು ದಿನ ಸುಸ್ತಿಗೆ, ಆಮೇಲೆ ಮತ್ತೆ ಯಂತ್ರಕ್ಕೆ. ನನಗಾಗಿ ಉಳಿಯುತ್ತಿದ್ದುದು ಏನು? ‘ಇನ್ನು ಬ್ಯಾಡ್ರಿ, ನಿಲ್ಲಸೋಣು’ ಎಂಬ ಮಾತು ಎಷ್ಟೋ ತಿಂಗಳಿಂದ ನಾಲಿಗೆಯ ತುದಿಯಲ್ಲಿ ಕೂತಿತ್ತು. ಹೋಗುವಾಗ ಮೊಬೈಲಿನ ಡಿಗ್ರಿ ಓದಿ ಹೇಳುವುದರಲ್ಲಿ ಅದು ಹೊರಗೆ ಬರುತ್ತಿರಲಿಲ್ಲ. ಬರುವಾಗ ಇವರ ಮುಖ ನೋಡಿದರೆ ಆಡಿಬಿಡುತ್ತೇನೆಂಬ ಭಯಕ್ಕೆ ಸೀಟು ಹಿಂದಕ್ಕೆ ಮಾಡಿ, ಸೆರಗು ಮುಖದ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿಬಿಡುತ್ತಿದ್ದೆ. ನಿದ್ದೆಯೇನೂ ಬರುತ್ತಿರಲಿಲ್ಲ. ಸುಮ್ಮನೆ ನಾಟಕ.

ಕಣ್ಣು ಮುಚ್ಚಿದರೂ ಕಿವಿ ಮುಚ್ಚುವುದಿಲ್ಲವಲ್ಲ. ಬೀದರಿನ ಎತ್ತರದಿಂದ ಜನವಾಡದ ಕಡೆಗೆ ಇಳಿಯುವಾಗ ಎಂಜಿನ್ನಿನ ದನಿ ಒಮ್ಮೆಲೇ ತಗ್ಗುತ್ತಿತ್ತು. ಇವರು ಗೇರನ್ನು ನ್ಯೂಟ್ರಲ್ಲಿಗೆ ಹಾಕಿ ಗಾಡಿಯನ್ನು ಹಾಗೇ ಉರುಳಬಿಡುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಳ್ಳುತ್ತಿದ್ದೆ. ಬಸ್ಸಿನ ಕಾಲದಲ್ಲಿ ಹೀಗೆಯೇ ಇಳಿಸಿ ಇಳಿಸಿ ಡೀಸೆಲ್ ಉಳಿಸಿದ್ದಕ್ಕೆ ಇವರಿಗೆ ಶಾಲು ಹೊದಿಸಿದ್ದರು. ಆ ಶಾಲು ಇನ್ನೂ ಟ್ರಂಕಿನಲ್ಲಿದೆ.

ಮೇ ತಿಂಗಳ ಆ ಸೋಮವಾರ ಜನವಾಡ ದಾಟಿ ಏರು ಹತ್ತುವಾಗ ಗಾಡಿ ಒಂದು ಸಲ ಜಗ್ಗಿತು. ಎಂಜಿನ್ನು ಅರಚಿಕೊಂಡರೂ ಚಕ್ರಕ್ಕೆ ಕೇಳಿಸಲಿಲ್ಲ.

“ಎಷ್ಟದ?”

“ನೂರಾ ಹದಿನೆಂಟರಿ.”

ಇವರು ಬೇವಿನ ಮರವೊಂದರ ಕೆಳಗೆ ನಿಲ್ಲಿಸಿದರು. ಬಿಸಿಲಿಗೆ ಮರವೇ ಸುಸ್ತಾಗಿತ್ತು, ಇನ್ನು ನೆರಳು ಎಲ್ಲಿಂದ ತರುತ್ತದೆ? ಎಣ್ಣೆ ಸುಟ್ಟ ವಾಸನೆ ಒಳಗೆ ಬಂತು. ನೂರರ ಕೆಳಗೆ ಇಳಿದ ಮೇಲೆ ಗಾಡಿ ಹೇಗೋ ತೆವಳಿತು. ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಇವರು ಶರಫೋದ್ದೀನನ ಗ್ಯಾರೇಜಿಗೆ ಹೋದರು. ಶರಫೋದ್ದೀನ ಇವರ ಹಳೆಯ ಗೆಳೆಯ, ಒಂದು ಕಾಲಕ್ಕೆ ಬಸ್ಸುಗಳನ್ನೂ ರಿಪೇರಿ ಮಾಡಿದವನು.

ಯಂತ್ರಕ್ಕೆ ಕೈಕೊಟ್ಟು ಮಲಗಿ ನಾನು ಬೇಡಿಕೊಂಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ಗಾಡಿ ಇವತ್ತೇ ಸಾಯಲಿ ಎಂದು ಬೇಡಿಕೊಂಡೆ. ಅದು ಸತ್ತರೆ ನಾನು ಬಾಯಿ ಬಿಡಬೇಕಾಗಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಸಂಜೆ ಆಟೋ ಹಿಡಿದು ಗ್ಯಾರೇಜಿಗೆ ಹೋದರೆ, ಗಾಡಿ ರಿಪೇರಿ ಹೊಂಡದ ಮೇಲೆ ನಿಂತಿತ್ತು. ಶರಫೋದ್ದೀನ ಗೇರ್ ಬಾಕ್ಸಿನಿಂದ ತೆಗೆದ ಎಣ್ಣೆಯ ಬಿಳಿ ಡಬ್ಬಿಯೊಂದನ್ನು ಮುಂದೆ ಹಿಡಿದ.

“ನೋಡ್ರಿ ಭಾಬೀ. ಇದು ಕೆಂಪಗ ಇರಬೇಕು, ದಾಳಿಂಬ್ರದ ರಸ ಇದ್ದಂಗ. ಹ್ಯಾಂಗಾಗ್ಯಾದ ನೋಡ್ರಿ.”

ಕಪ್ಪಗೆ, ತಳ ಹಿಡಿದ ಬೆಲ್ಲದ ಪಾಕದಂತಿತ್ತು.

“ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡೋರು ಯಾರು?” ಎಂದು ಕೇಳಿದ.

ಇವರು ನೆಲ ನೋಡಿದರು. ನಾನು ಬಿಡಲಿಲ್ಲ.

“ಇನ್ಯಾರು, ಇವರೇ. ಪೆಟ್ರೋಲ್ ಉಳಸ್ತಾರ. ಇನ್ನೊಂದು ಶಾಲು ಬೇಕಾಗ್ಯಾದ ಇವರಿಗಿ.”

ಇವರು ತಲೆ ಎತ್ತಲಿಲ್ಲ. ಶರಫೋದ್ದೀನನೂ ನಗಲಿಲ್ಲ. ಬಸ್ಸಿನ ಗೇರು ಬೇರೆ, ಇದು ಬೇರೆ ಎಂದ. ನ್ಯೂಟ್ರಲ್ಲಿನಲ್ಲಿ ಉರುಳುವಾಗ ಒಳಗೆ ಎಣ್ಣೆ ಸರಿಯಾಗಿ ಹರಿಯುವುದಿಲ್ಲ, ಮತ್ತೆ ಗೇರಿಗೆ ಹಾಕಿದಾಗ ಪ್ಲೇಟುಗಳು ಉಜ್ಜಿ ಉಜ್ಜಿ ಎಣ್ಣೆಯನ್ನು ಸುಡುತ್ತವೆ ಎಂದ.

“ಉಳೀತದಾ, ಭಾಯ್?” ಎಂದರು ಇವರು. ಆ ದನಿಯನ್ನು ನಾನು ಹಿಂದೊಮ್ಮೆ ಕೇಳಿದ್ದೆ. ನನ್ನ ರಿಪೋರ್ಟು ಬಂದ ದಿನ ಡಾಕ್ಟರನ್ನು ಹೀಗೆಯೇ ಕೇಳಿದ್ದರು.

“ಹಳೇ ಎಣ್ಣಿ ತೆಗದು ಹೊಸಾದು ಹಾಕೀನಿ. ಉಳದದ್ದು ಅಲ್ಲಾಗ ಗೊತ್ತು” ಎಂದ ಶರಫೋದ್ದೀನ. ಡಾಕ್ಟರೂ ಹೀಗೆಯೇ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. “ಆದ್ರ ಈಗ ಒಯ್ಯಂಗಿಲ್ಲರಿ. ಎಣ್ಣಿ ಅಳತಿ ಆಗಬೇಕು. ನಲವತ್ತು ಡಿಗ್ರಿ ಹತ್ರ ಇದ್ದಾಗ ತಳದ ಬೋಲ್ಟ್ ತೆಗಿಬೇಕು, ಹೆಚ್ಚಿಂದು ಹರದು ಹೋಗ್ತದ. ಹನಿ ಬೀಳ್ಲಿಕ್ಕ ಸುರು ಆಯ್ತಂದ್ರ ಬರೋಬರ್. ಕಾದ ಎಣ್ಣಿ ಉಬ್ಬಿರ್ತದ, ಗರಂ ಇದ್ದಾಗ ತೆಗದ್ರ ಬೇಕಾದದ್ದೂ ಹರದು ಹೋಗ್ತದ.”

“ಹಂಗಾರ ಈಗ ಮಾಡಿ ಕೊಡ್ರಿ.”

“ಈಗ ನೆರಳಿನ್ಯಾಗೇ ನಲವತ್ತಮೂರು ಅದ, ಭಾಬೀ. ಎಣ್ಣಿ ನಲವತ್ತಕ್ಕ ಹ್ಯಾಂಗ ಇಳೀತದ? ಮುಂಜಾನಿ ಠಂಡಾ ಹೊತ್ತಿನ್ಯಾಗ ಮಾಡ್ತೇನಿ. ನಮ್ಮ ಮನ್ಯಾಗ ಉಳೀರಿ.”

ಮನೆ ಗ್ಯಾರೇಜಿನ ಹಿಂದೆಯೇ ಇತ್ತು. ಅವನ ಹೆಂಡತಿ ಮುನವ್ವರ ಬೇಗಂ ನನ್ನ ಕೈಯ ಪಟ್ಟಿ ನೋಡಿದಳು, ಏನೂ ಕೇಳದೆ ಮಂಚ ಹಾಸಿದಳು.

“ಚಾ ಎಷ್ಟು ನಡೀತದ, ಆಪಾ?”

“ಅರ್ಧಾ ಪ್ಯಾಲಿ.”

ನನಗೆ ಅರ್ಧ ಪ್ಯಾಲಿ ಕೊಟ್ಟು ತಾನೂ ಅರ್ಧವೇ ಹಾಕಿಕೊಂಡಳು. ನೆಂಟರ ಮನೆಗೆ ಹೋದಲ್ಲೆಲ್ಲ ‘ಒಂದ್ ಗುಟುಕಿಗಿ ಏನಾಗ್ತದ, ಕುಡೀರಿ’ ಎಂಬ ಕಾಟ ಅನುಭವಿಸಿದವಳಿಗೆ ಆ ಅರ್ಧ ಪ್ಯಾಲಿ ಬಹಳ ರುಚಿಯಾಗಿತ್ತು.

ಮಂಚದ ಮೇಲೆ ಅಡ್ಡಾಗಿ ಅಭ್ಯಾಸದಂತೆ ಸೆರಗು ಎಳೆದುಕೊಂಡೆ. ಬಾಗಿಲಾಚೆ ಕಟ್ಟೆಯ ಮೇಲೆ ಗೆಳೆಯರಿಬ್ಬರೂ ಕೂತಿದ್ದರು. ನನಗೆ ನಿದ್ದೆ ಹತ್ತಿದೆ ಎಂದುಕೊಂಡು ಶರಫೋದ್ದೀನ ದನಿ ತಗ್ಗಿಸಿದ.

“ಪಂಢರಿಭಾಯ್, ನೀ ಹುಟ್ಟಾ ಡ್ರೈವರ್. ಇಷ್ಟು ತಿಳೀಲಿಲ್ಲ ನಿನಗ?”

“ತಿಳೀದೇನು? ಅಶ್ವಜಿತ ಮೊದಲನೇ ದಿನಾನೇ ಹೇಳ್ಯಾನ, ನ್ಯೂಟ್ರಲ್ ಮಾಡಬ್ಯಾಡ್ರಿ ಅಂತ.”

“ಮತ್ತ ಯಾಕ?”

ಇವರ ದನಿಯೂ ತಗ್ಗಿತು.

“ಗೇರು ಬದಲಾಗೋವಾಗ ಝಟಕಾ ಹೊಡೀತದ ಭಾಯ್. ಆಸ್ಪತ್ರಿಂದ ಬರೋವಾಗ ಆಕಿ ಮಕ್ಕೊಂಡಿರ್ತಾಳ. ಝಟಕಾ ಹೊಡದ್ರ ಕಣ್ಣು ತೆರೀತಾಳ. ಮನಿ ಮುಟ್ಟೋ ತನಕ ಆಕಿ ಕಣ್ಣು ತೆರೀಬಾರದು, ಅಷ್ಟೇ.”

ಸೆರಗಿನೊಳಗೆ ನನ್ನ ಕಣ್ಣು ತುಂಬಿ ಬಂತು. ಇಲ್ಲದ ನಿದ್ದೆಯನ್ನು ಕಾಯಲು ಈ ಮನುಷ್ಯ ಗೇರ್ ಬಾಕ್ಸು ಸುಟ್ಟುಕೊಂಡಿದ್ದ. ನಾನು ಗೆಳೆಯನ ಎದುರೇ ಶಾಲಿನ ಮಾತಾಡಿ ಇವರ ಮರ್ಯಾದೆ ಕಳೆದಿದ್ದೆ. ಎದ್ದು ಹೋಗಿ ಇವರ ಪಕ್ಕ ಕೂಡಬೇಕು ಅನ್ನಿಸಿತು. ಏಳಲಿಲ್ಲ, ಮೈಯಲ್ಲಿ ಬಲವಿರಲಿಲ್ಲ.

ನಸುಕಿನಲ್ಲಿ ಮುನವ್ವರ ಬೇಗಂ ಎಬ್ಬಿಸಿದಳು. ಶರಫೋದ್ದೀನ ಆಗಲೇ ಹೊಂಡದೊಳಗೆ ಇಳಿದಿದ್ದ. ಇವರು ಸ್ಟೇರಿಂಗಿನ ಮುಂದೆ ಕೂತು ಬ್ರೇಕು ತುಳಿದು, ಅವನು ಹೇಳಿದಂತೆ ಗೇರನ್ನು ಒಂದೊಂದೇ ಮನೆಗೆ ಹಾಕಿ ತೆಗೆಯುತ್ತಿದ್ದರು. ಮೊಬೈಲು ನನ್ನ ಕೈಯಲ್ಲಿ.

“ನಲವತ್ತಾದಾಗ ಜೋರಾಗಿ ಹೇಳ್ರಿ ಭಾಬೀ,” ಕೆಳಗಿನಿಂದ ಕೂಗಿದ. “ತಡಾ ಮಾಡಿದ್ರ ಎಣ್ಣಿ ಕಮ್ಮಿ ಆಗ್ತದ, ಗಾಡಿ ದಾರ್ಯಾಗೇ ಕೂಡ್ತದ.”

ಮೂವತ್ತಾರು. ಮೂವತ್ತೇಳು. ಎಂಜಿನ್ನು ಮೆಲ್ಲಗೆ ಗುನುಗುತ್ತಿತ್ತು. ನಾನು ಬೇಡಿಕೊಂಡದ್ದು ಇಷ್ಟು ಹತ್ತಿರ ಬಂದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು. ಐವತ್ತಾಗುವ ತನಕ ಬಾಯಿ ಮುಚ್ಚಿಕೊಂಡಿದ್ದು ಆಮೇಲೆ ‘ನಲವತ್ತು’ ಅಂದರೆ ಯಾರು ನೋಡುತ್ತಾರೆ? ಬೇಕಾದ ಎಣ್ಣೆಯೆಲ್ಲ ಹರಿದುಹೋಗಿ ಇನ್ನೊಂದು ವಾರದಲ್ಲಿ ಎಲ್ಲಾ ಮುಗಿಯುತ್ತದೆ. ಇವರ ಕಡೆ ನೋಡಿದೆ. ಇವರು ನನ್ನನ್ನು ನೋಡುತ್ತಿರಲಿಲ್ಲ, ಮೊಬೈಲನ್ನೂ ನೋಡುತ್ತಿರಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಮುಂದಿನ ಗೋಡೆ ನೋಡುತ್ತಿದ್ದರು. ಕೆಲಸವಿಲ್ಲದ ಎಡಗಾಲು ಇಲ್ಲದ ಕ್ಲಚ್ ತುಳಿಯುತ್ತಿತ್ತು.

“ನಲವತ್ತು!” ಎಂದು ಕೂಗಿದೆ. ಇಷ್ಟು ಜೋರಾಗಿ ನಾನು ಕೂಗಿ ಎಷ್ಟು ದಿನವಾಗಿತ್ತೋ.

ಕೆಂಪೆಣ್ಣೆ ಸುರಿದು, ದಾರದಷ್ಟಾಗಿ, ಹನಿಯಾಯಿತು. ಶರಫೋದ್ದೀನ ಬೋಲ್ಟ್ ಬಿಗಿದ.

ಬಿಸಿಲೇರುವ ಮೊದಲೇ ಬೀದರು ಬಿಟ್ಟೆವು. ಇಳಿಜಾರು ಬಂತು. ಇವರ ಕೈ ಅಭ್ಯಾಸದಂತೆ ಗೇರಿನ ಮೇಲೆ ಹೋಯಿತು, ಮುಟ್ಟಿ ಹಿಂದಕ್ಕೆ ಬಂತು. ಗಾಡಿ ಮೆಲ್ಲಗೆ ಜಗ್ಗಿತು.

“ಕಣ್ಣು ಮುಚ್ಚಿಕೊ. ಜರಾ ಆರಾಮ ಆಗ್ತದ” ಎಂದರು.

“ನಾ ಎಂದೂ ಮಕ್ಕೊಂಡಿಲ್ಲರಿ. ಬರೇ ಕಣ್ಣು ಮುಚ್ಚಿರ್ತಿದ್ದೆ.”

“ಗೊತ್ತದ.”

ನಾನು ತಿರುಗಿ ನೋಡಿದೆ.

“ಇಡೀ ಜನ್ಮ ಬಸ್ಸಿನ ಕನ್ನಡಿಯಾಗ ಮಂದಿ ಮಾರಿ ನೋಡೇನಿ. ನಿದ್ದಿ ಮಾಡೋರು ಯಾರು, ಸೀಟು ಬಿಡಬಾರದು ಅಂತ ಕಣ್ಣು ಮುಚ್ಚಿದವರು ಯಾರು, ನನಗ ತಿಳೀದೇನು?”

“ಹಂಗಾರ ನ್ಯೂಟ್ರಲ್ ಯಾಕ ಮಾಡ್ತಿದ್ರಿ?”

“ಕಣ್ಣು ತೆರದ್ರ ನೀ ಹೇಳಿಬಿಡ್ತಿ ಅಂತ ಅಂಜಿಕಿ ಇತ್ತು.”

“ಏನು?”

“ಸಾಕು ಅಂತ.”

ಜನವಾಡ ಬಂತು, ಹೋಯಿತು. ಮಾಂಜ್ರಾ ಹೊಳೆಯ ಸೇತುವೆ ಬಂತು. ಹೊಳೆಯಲ್ಲಿ ನೀರು ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ಇವರು ಸೇತುವೆಯಾಚೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

“ಈಗ ಹೇಳು. ಕೇಳ್ತೇನಿ.”

“ಸಾಕಾಗ್ಯಾದ್ರಿ ನನಗ.”

ಇವರು ತಲೆಯಾಡಿಸಿದರು. “ನನಗೂ ಸಾಕಾಗ್ಯಾದ, ಕೌಸಲ್ಯಾ.”

ಇಷ್ಟು ದಿನ ದಣಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಇವರು ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ನಿಲ್ಲಿಸೋಣ ಎಂದು ಇವರು ಅನ್ನಲಿಲ್ಲ, ನಿಲ್ಲಿಸಬೇಡ ಎಂದೂ ಅನ್ನಲಿಲ್ಲ. ತುಂಬಿದ ಕಣ್ಣು ಒರೆಸಿಕೊಳ್ಳದೆ ಹೊಳೆ ನೋಡುತ್ತ ಕೂತಿದ್ದರು. ತಿಂಗಳುಗಟ್ಟಲೆ ಹೊತ್ತು ತಿರುಗಿದ ಮಾತು ಹೊರಗೆ ಬಿದ್ದ ಮೇಲೆ ನನ್ನ ಎದೆ ಹಗುರಾಗಿತ್ತು. ಆ ಮಾತಿಗಿಂತ ಅದನ್ನು ಒಬ್ಬಳೇ ಹೊತ್ತಿದ್ದೇ ಹೆಚ್ಚು ಭಾರವಾಗಿತ್ತೇನೋ.

“ಗುರುವಾರ ಲಗೂ ಹೊಂಡೋಣುರಿ,” ಎಂದೆ. “ಬಿಸಿಲು ಬೀಳೂದರಾಗ ಏರು ದಾಟಬೇಕು. ಅದರ ಮುಂದಿಂದು ಆಮ್ಯಾಲ ಕೂತು ಮಾತಾಡೋಣು.”

“ಹೂಂ” ಎಂದು ಇವರು ಗಾಡಿ ಹೊರಡಿಸಿದರು. ಸ್ವಲ್ಪ ದೂರ ಹೋದ ಮೇಲೆ ಗೇರು ಬದಲಾಗಿ ಸಣ್ಣದೊಂದು ಝಟಕಾ ಹೊಡೆಯಿತು. ಇವರು ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಕಣ್ಣು ತೆರೆದೇ ಕೂತಿದ್ದೆ.

“ಎಂಬತ್ತಾರು ಅದರಿ,” ಎಂದೆ, ಇವರು ಕೇಳುವ ಮೊದಲೇ. “ಮುಂದ ನೋಡಿ ಹೊಡೀರಿ.”