ಆಣೆ ಮುರಿದವನ ಬೆನ್ನಿನ ನೀರು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೇ ಎದ್ದುಹೋಗಿ ತೀರ್ಪು ಕೊಡಬೇಡಿ, ಪುಟ್ಟಮಲ್ಲಮ್ಮನ ವಿಷಯದಲ್ಲಿ ಊರು ಮಾಡಿದ್ದು ಅದನ್ನೇ.

ಹನೂರು ಸೀಮೆಯಲ್ಲಿ, ಶಾಗ್ಯದ ಆಚೆಯ ಆ ಸಣ್ಣ ಊರಿನಲ್ಲಿ ಅವಳ ಗಂಡ ಸಿದ್ದಮಲ್ಲಪ್ಪನೆಂದರೆ ತೂಕದ ಮನುಷ್ಯ. ಬೇರೆಯವರ ಬದುವಿನ ಮೇಲೆ ಕಾಲಿಡಬೇಕಾದರೂ ಕೇಳಿಯೇ ಇಡುತ್ತಿದ್ದವನು. ಅರವತ್ತು ಹತ್ತಿರವಾಗುವ ಹೊತ್ತಿಗೆ ಅದೇ ಮನುಷ್ಯ ಅಂಗಡಿಗೆ ನುಗ್ಗಿ ಬೆಲ್ಲದಚ್ಚು ಎತ್ತಿ ಬಾಯಿಗೆ ಹಾಕಿಕೊಂಡು ನಡೆದ. ಸಾವಿನ ಮನೆಯಲ್ಲಿ ಹೆಣದ ಪಕ್ಕ ನಿಂತು, ಊಟ ಎಷ್ಟೊತ್ತಿಗೆ ಎಂದು ಕೇಳಿ ನಕ್ಕ. ಊರ ಯಜಮಾನರು ಗುಡಿಗೆ ಕರೆಸಿ, ಇನ್ನು ಹೀಗೆ ಮಾಡುವುದಿಲ್ಲವೆಂದು ಮಾದಪ್ಪನ ಮೇಲೆ ಆಣೆ ಮಾಡಿಸಿದರು. ಆ ಸೀಮೆಯಲ್ಲಿ ಕಳ್ಳನೂ ಆ ಆಣೆ ಎಂದರೆ ಕದ್ದದ್ದನ್ನು ತಂದಿಡುತ್ತಾನೆ. ಸಿದ್ದಮಲ್ಲಪ್ಪ ನಗುನಗುತ್ತಾ ಆಣೆ ಮಾಡಿದ, ಮೆಟ್ಟಿಲಿಳಿದು ಸೀದಾ ಬೆಲ್ಲದಂಗಡಿಗೇ ಹೋದ.

ಊರು ಅದನ್ನು ಕೊಬ್ಬು ಎಂದಿತು. ಪುಟ್ಟಮಲ್ಲಮ್ಮನಿಗೆ ಮಾತ್ರ ಬೇರೆಯೇ ಅನ್ನಿಸಿತು. ಮಾದಪ್ಪನ ಹೆಸರೆತ್ತಿದರೆ ಚಪ್ಪಲಿ ಬಿಡುತ್ತಿದ್ದವನಿಗೆ ಭಯವೇ ಆಗಲಿಲ್ಲವೆಂದರೆ, ಭಯ ಇರುವ ಜಾಗವೇ ಒಳಗೆಲ್ಲೋ ಕೆಟ್ಟಿದೆ.

ಕಾಮಗೆರೆ ಆಸ್ಪತ್ರೆಗೆ ಕರೆದೊಯ್ದಳು, ಅವರು ಮೈಸೂರಿಗೆ ಕಳಿಸಿದರು. ಅಲ್ಲಿ ಡಾಕ್ಟರ್ ಮಾಲಿನಿ, ಇದು ಮಿದುಳು ಮೆಲ್ಲಗೆ ಸವೆಯುವ ಡಿಮೆನ್ಷಿಯಾ ಇರಬಹುದು, ಅದರಲ್ಲೂ ಬಗೆಗಳಿವೆ, ಮರೆವಿನಿಂದ ಶುರುವಾಗುವ ಆಲ್ಝೈಮರ್ ಒಂದಾದರೆ ನಡತೆಯನ್ನೇ ಮೊದಲು ತಿನ್ನುವುದು ಇನ್ನೊಂದು ಎಂದರು. ಸ್ಕ್ಯಾನ್‌ನಲ್ಲಿ ಯಾವುದೆಂದು ಪೂರ್ತಿ ಸ್ಪಷ್ಟವಾಗಿರಲಿಲ್ಲ. ಬೆನ್ನುಮೂಳೆಯೊಳಗಿನ ನೀರನ್ನು ಚೂರು ತೆಗೆದು ಅದರ ಪ್ರೋಟೀನುಗಳನ್ನು ಅಳೆದರೆ ಯಾವ ಬಗೆ ಎಂಬುದಕ್ಕೆ ಆಧಾರ ಸಿಗುತ್ತದೆ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದನ್ನು ಕೆರಳಿಸಲೂಬಹುದು.

ಸುದ್ದಿ ಕೇಳಿ ಯಜಮಾನ ಕೆಂಪನಂಜಪ್ಪ ಜಗಲಿಗೆ ಬಂದ. ವರಸೆಯಲ್ಲಿ ಅವಳಿಗೆ ಭಾವ.

"ಬೆನ್ನೀರು ತಗ್ಸಿದ್ರೆ ಕಾಲೇ ಬಿದ್ದೋಯ್ತವೆ ಕಣವ್ವ. ಅವ್ನಿಗೆ ಮರೆವೆಲ್ಲದೆ? ತಾತನ ಕಾಲ್ದ ಬೇಲಿ ಎಲ್ಲಿತ್ತು ಅಂತ ಈಗ್ಲೂ ಏಳ್ತಾನೆ. ಗುಡಿ ಮುಂದೆ ಅಡ್ಡಬಿದ್ದು ತಪ್ಪಾಯ್ತು ಅಂದ್ಬುಡ್ಲಿ, ಮುಗೀತದೆ."

"ತಪ್ಪು ಮಾಡಿದ್ರೆ ತಾನೆ ಭಾವ ಬೀಳೋದು? ಜ್ವರ ಬಂದೋನ್ಗೆ ಮೈಯಾಕೆ ಸುಡ್ತದೆ ಅಂತ ಅಡ್ಡಬೀಳುಸ್ತೀರಾ?"

ನೀರು ತೆಗೆಸಿಯೇ ತೆಗೆಸಿದಳು. ಕಾಲು ಬೀಳಲಿಲ್ಲ. ಮಲಗಿರಿ ಎಂದಷ್ಟು ಹೊತ್ತು ಮಲಗಿದ್ದು ಎದ್ದವನೇ ಕ್ಯಾಂಟೀನಿಗೆ ನಡೆದು ಯಾರದೋ ತಟ್ಟೆಯ ಜಿಲೇಬಿಗೆ ಕೈಹಾಕಿದ.

ಕೆಲವು ವಾರಗಳ ಮೇಲೆ ಡಾಕ್ಟರು ಕರೆಸಿ ಹೇಳಿದರು: ಆಲ್ಝೈಮರ್ ತೋರಿಸುವ ಪ್ರೋಟೀನುಗಳು ಸರಿಯಾಗಿವೆ, ನರಕೋಶ ಸವೆದಾಗ ಸೋರುವ ಪ್ರೋಟೀನು ಮಾತ್ರ ವಿಪರೀತ ಏರಿದೆ. ನಡತೆ, ಸ್ಕ್ಯಾನ್ ಎಲ್ಲ ಸೇರಿಸಿ ನೋಡಿದರೆ ಮಿದುಳಿನ ಮುಂಭಾಗ ಸವೆಯುವ ಬಗೆಯೇ. ವಾಸಿಯಾಗುವುದಲ್ಲ. ಕೆಲವು ಮನೆತನಗಳಲ್ಲಿ ಮಕ್ಕಳಿಗೂ ಬರುವುದುಂಟು.

ಮಗಳು ಕೋಮಲಳಿಗೆ ಯಳಂದೂರಿನ ಸಂಬಂಧ ಕೂಡಿಬಂದಿತ್ತು. ಆಸ್ಪತ್ರೆಗೆ ಜೊತೆಯಲ್ಲಿ ಬಂದಿದ್ದ ಅವಳು ವಾಪಸಾಗುವಾಗ ಹನೂರಿನ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ, "ಕಾಯ್ಲೆ ಮುಚ್ಚಿಟ್ಟು ನನ್ನ ಆ ಮನೆಗೆ ದಾಟುಸ್ಬೇಡ ಅವ್ವ" ಎಂದಳು. ಅಷ್ಟು ಹೇಳಿ ಊರು ಬರುವವರೆಗೂ ಅತ್ತಳು.

ಆಣೆ ಮುರಿದದ್ದಕ್ಕೆ ತೀರ್ಪು ಮಾಡಲು ಸೋಮವಾರ ಗುಡಿ ಮುಂದೆ ಊರ ಕೂಟ ಸೇರಿತು. ಗಂಡಿನ ಕಡೆಯವರೂ ಬಂದು ಕೂತಿದ್ದರು. ಕೆಂಪನಂಜಪ್ಪ ಅವಳನ್ನು ಪಕ್ಕಕ್ಕೆ ಕರೆದು, ಕಾಯಿಲೆ ಗೀಯಿಲೆ ಎನ್ನಬೇಡ, ಅವನು ಒಮ್ಮೆ ಅಡ್ಡಬಿದ್ದರೆ ತಪ್ಪು ತೀರಿತು, ಹುಡುಗಿಯ ಮದುವೆಯೂ ಉಳಿಯಿತು ಎಂದು ಬೇಡಿಕೊಂಡ. ಅವನ ಕಣ್ಣಲ್ಲಿ ಕೆಡುಕಿರಲಿಲ್ಲ.

ಯಜಮಾನ ಬೀಳು ಎಂದ ಕೂಡಲೇ ಸಿದ್ದಮಲ್ಲಪ್ಪ ನಗುತ್ತಾ ಬಗ್ಗಿದ. ಅವನಿಗೆ ಅದೂ ಒಂದೇ, ಬೆಲ್ಲವೂ ಒಂದೇ. ಮೊಣಕಾಲು ನೆಲ ಮುಟ್ಟುವ ಮೊದಲೇ ಪುಟ್ಟಮಲ್ಲಮ್ಮ ರಟ್ಟೆ ಹಿಡಿದು ಎತ್ತಿದಳು.

"ನನ್ ಗಂಡ ಆಣೆ ಮುರ್ದಿಲ್ಲ. ಅವ್ರ ಮಿದುಳು ಸವೀತಾ ಅದೆ. ಬೆನ್ನೀರ್ನಲ್ಲಿ ನೋಡಿ ಡಾಕ್ಟ್ರು ಏಳವ್ರೆ. ಇವ್ರು ಬೀಳಕಿಲ್ಲ, ನಾನೂ ಬೀಳ್ಸಕಿಲ್ಲ."

ಯಳಂದೂರಿನ ಹಿರಿಯರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಪುಟ್ಟಮಲ್ಲಮ್ಮ ನೋಡಿದಳು, ರಟ್ಟೆ ಮಾತ್ರ ಬಿಡಲಿಲ್ಲ. ಇನ್ನೊಂದು ರಟ್ಟೆಯನ್ನು ಕೋಮಲ ಬಂದು ಹಿಡಿದಳು.

ಈಗ ಹೇಳಿ, ಆ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?