ಫ್ಲಶ್ ಟ್ಯಾಂಕಿನ ಸಮುದ್ರ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಸುಖವಾಗಿದ್ದದ್ದು ಹವಳ. ಅದಕ್ಕೆ ಅದರದೇ ದೀಪ, ಅದರದೇ ಅಲೆ, ಬೇಸಿಗೆಯಲ್ಲಿ ನೀರು ಕಾಯದಂತೆ ಅದರದೇ ತಂಪುಯಂತ್ರ. ಅದರೆದುರು ನಾವು ಮೂವರು ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದೆವು. ವಸತಿ ಕಚೇರಿಯವರು ತಲೆಗಿಷ್ಟು ಎಂದು ನೆಲ ಅಳೆದು ಕೊಟ್ಟ ಮನೆ ಇದು. ಮೇಜು ಬಿಚ್ಚಿದರೆ ಮಂಚ ಮಡಚಬೇಕು, ಮಂಚ ಬಿಚ್ಚಿದರೆ ನನ್ನ ಅತ್ತೆ ಮಡಚಿಕೊಳ್ಳಬೇಕು. ಗೋಡೆಯುದ್ದಕ್ಕೂ ಮಲಗಿದ್ದ ಗಾಜಿನ ತೊಟ್ಟಿಯನ್ನು ಮಾತ್ರ ಯಾರೂ ಮಡಚುವಂತಿರಲಿಲ್ಲ.

"ಆ ಕಚೇರಿಯವರು ಇನ್ನೊಂದ್ಸಲ ಬಂದು ಅಳೆದ್ರೆ, ಬಾಡಿಗೆ ಚೀಟಿ ಕೋಡಂಗಿ ಮೀನಿನ ಹೆಸರಿಗೇ ಬರೀತಾರೆ, ನೋಡ್ತಿರು" ಎನ್ನುತ್ತಿದ್ದರು ಅತ್ತೆ.

ಆದರೂ ಆ ತೊಟ್ಟಿಯನ್ನು ಎತ್ತಿ ಆಚೆ ಹಾಕು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು.

ನನ್ನ ಗಂಡ ತಾಮ್ ವಿಂಗ್-ಕೇ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದವನು. ಆಕಾಶದಲ್ಲಿ ನೇತುಬಿದ್ದ ಒಂದು ಡಬ್ಬಿ. ಪಾಳಿ ಮುಗಿಯುವ ತನಕ ಊಟವೂ ಅಲ್ಲೇ, ಉಚ್ಚೆಯೂ ಅಲ್ಲೇ. ಜಗತ್ತಿನ ಸರಕೆಲ್ಲ ಹೊತ್ತಿಗೆ ಸರಿಯಾಗಿ ಇಳಿಯಬೇಕು, ಇಳಿಸುವವನು ಮಾತ್ರ ಮೂತ್ರಕ್ಕೂ ಇಳಿಯಬಾರದು. ಕೆಳಗಿಳಿದು ಉಚ್ಚೆ ಹೊಯ್ಯಲು ಬಿಡಿ, ಕೂಲಿ ಸ್ವಲ್ಪ ಏರಿಸಿ ಎಂದು ಕ್ರೇನಿನವರೆಲ್ಲ ಮುಷ್ಕರ ಹೂಡಿದರು. ಗೇಟಿನೆದುರು ಡೇರೆ ಹಾಕಿ ಮಲಗಿದರು. ಆಗ, 'ಇನ್ನು ಮುಷ್ಕರ ಮಾಡುವುದಿಲ್ಲ' ಎಂಬ ಕಾಗದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿ, ನನ್ನ ಗಂಡನ ಕ್ರೇನನ್ನೇ ಹತ್ತಿ ಕೂತವನು ಪಾಂಗ್. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲ ಹೋದರು. ನನ್ನ ಗಂಡ ಸಹಿ ಹಾಕಲಿಲ್ಲ. ಕೆಲಸ ಹೋಯಿತು. ಪಾಂಗ್ ಎಲ್ಲಿಯವನೋ ಆಗಿದ್ದರೆ ಮರೆಯಬಹುದಿತ್ತು. ಅವನ ಮನೆ ನಮ್ಮ ಎದುರು ಬಾಗಿಲು.

ಆಮೇಲೆ ನನ್ನ ಗಂಡ ಗೋಡೆಗೆ ಮುಖ ಮಾಡಿ ಕೂತ. ಒಂದು ವರ್ಷ ಕೂತ. ಮಾತಿಲ್ಲ, ಜಗಳವಿಲ್ಲ, ಗಂಜಿಗೆ ಉಪ್ಪು ಕಡಿಮೆಯಾದರೂ ದೂರಿಲ್ಲ. ನಾನು ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಉಳ್ಳವರ ಹಾಸಿಗೆಯ ಬೆವರು ತೊಳೆದು ಬಂದರೆ, ಅದೇ ಬೆನ್ನು, ಅದೇ ಗೋಡೆ.

ಒಂದು ದಿನ ಮೀನುಪೇಟೆಯ ಅಂಗಡಿಯವನೊಬ್ಬ ಮುರಿದ ಹವಳದ ಚೂರೊಂದನ್ನು ಪುಕ್ಕಟೆ ಕೊಟ್ಟ. ಹೆಬ್ಬೆರಳಿನಷ್ಟು, ಹಸಿರು. ಅದಕ್ಕಾಗಿ ಇವನು ಹಳೆಯ ಗಾಜು ಹುಡುಕಿ ತೊಟ್ಟಿ ಅಂಟಿಸಿದ. ಕಡಲಿನಿಂದ ನೀರು ತುಂಬಿ ತರುವ ಲಾರಿಯವನನ್ನು ಗೊತ್ತು ಮಾಡಿಕೊಂಡ. ಮೊದಲು ಬರೀ ಕಲ್ಲು ಹಾಕಿ, ನೀರು ಹದಕ್ಕೆ ಬರಲಿ ಎಂದು ವಾರಗಟ್ಟಲೆ ಕಾದ. ಆ ಚೂರು ಅಲ್ಲಿಯ ತನಕ ಅಂಗಡಿಯಲ್ಲೇ ಇತ್ತು.

"ಬೇರೆಯವರ ಮಕ್ಕಳು ನಾಯಿ ಸಾಕ್ತಾರೆ. ನನ್ನ ಮಗ ಕಲ್ಲು ಸಾಕ್ತಾನೆ" ಎಂದು ಅತ್ತೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಹವಳ ಬಂತು, ಬೆಳೆಯಿತು. ಬೆರಳು ಬೆರಳಾಗಿ ಅರಳಿ ಒಂದು ಕೋಸಿನಷ್ಟಾಯಿತು. ಜೊತೆಗೆ ಕೊಂಬಿನ ಹವಳ, ಎರಡು ಕೋಡಂಗಿ ಮೀನು, ಒಂದು ಹಳದಿ ಮೀನು ಬಂದವು. ಇವನು ಮೊದಲು ಅವುಗಳ ಜೊತೆ ಮಾತಾಡಿದ. ಆಮೇಲೆ ಅವುಗಳ ಬಗ್ಗೆ ನಮ್ಮ ಜೊತೆ. ಒಂದು ಸಂಜೆ "ಸಾರು ಸಪ್ಪೆ" ಎಂದ. ಅಡುಗೆಮನೆಗೆ ಹೋಗಿ ನಾನೂ ಅತ್ತೆಯೂ ಕೈ ಕೈ ಹಿಡಿದುಕೊಂಡು ನಿಂತೆವು. ಆ ತೊಟ್ಟಿ ಸತ್ತರೆ ಇವನು ಮತ್ತೆ ಗೋಡೆಗೆ ತಿರುಗುತ್ತಾನೆ, ಈ ಸಲ ತಿರುಗಿದರೆ ವಾಪಸು ಬರುವುದಿಲ್ಲ. ಅದು ನಮಗಿದ್ದ ಒಂದೇ ಹೆದರಿಕೆ.

ಟೈಫೂನ್ ಬಂದ ಆ ಮಧ್ಯಾಹ್ನ, ಎಲ್ಲರೂ ಒಳಗಿರಿ ಎನ್ನುವ ಎಂಟನೇ ನಂಬರಿನ ಬಿರುಗಾಳಿ ಸಿಗ್ನಲ್ ಏರಿಸಿದ್ದರು. ಬಸ್ಸಿಲ್ಲ, ಅಂಗಡಿಯಿಲ್ಲ. ಗಂಡ ಆಗ ಕಟ್ಟಡವೊಂದರ ಕಾವಲು ಕೆಲಸದಲ್ಲಿದ್ದವನು ಅಲ್ಲೇ ಸಿಕ್ಕಿಕೊಂಡಿದ್ದ. ಅತ್ತೆ ಕಿತ್ತಳೆಸಿಪ್ಪೆ ಒಣಗಿಸಿಟ್ಟ ಜಾಡಿಗಳನ್ನು ಮನೆಯಲ್ಲಿ ಬೇರೆ ಜಾಗವಿಲ್ಲದೆ ತೊಟ್ಟಿಯ ಕೆಳಗಿನ ಬೀರುವಿನಲ್ಲಿಟ್ಟಿದ್ದರು. ಗಾಳಿಗೆ ತೇವ ತಾಗೀತೆಂದು ಜಾಡಿಗಳನ್ನು ಒಳಕ್ಕೆ ತಳ್ಳಿದರು. ತೊಟ್ಟಿಯ ತಳದ ಪೈಪು ಕಟ್ ಎಂದಿತು.

"ಲಾನ್! ಸಮುದ್ರ ಹೊರಗೆ ಬಂತು ಕಣೇ!" ಎಂದು ಅತ್ತೆ ನನ್ನನ್ನು ಕೂಗಿದರು.

ಕೈಗೆ ಸಿಕ್ಕಿದ್ದು ಸಾರಿಗೆ ತಂದ ಮೂಲಂಗಿ. ಅದನ್ನೇ ಮುರಿದ ಪೈಪಿಗೆ ತುರುಕಿದೆ. ಅಷ್ಟರಲ್ಲಿ ಅರ್ಧ ತೊಟ್ಟಿ ಖಾಲಿ. ಕೊಂಬಿನ ಹವಳ ನೀರಿಂದ ಹೊರಗೆ ನಿಂತಿತ್ತು, ಪಂಪು ಗಾಳಿ ಕುಡಿದು ಕಿರುಚುತ್ತಿತ್ತು. ಪಂಪು ಆರಿಸಿ, ಕಾರಿಡಾರಿಗೆ ಹರಿದ ನೀರನ್ನು ಬಟ್ಟೆ ಹಾಕಿ ತಡೆಯಲು ಓಡಿದೆ.

ತಿರುಗಿ ಬಂದಾಗ ಅತ್ತೆ ಬಕೆಟ್ ಬಗ್ಗಿಸಿ ತೊಟ್ಟಿಗೆ ಹುಯ್ಯುತ್ತಿದ್ದರು.

"ಎಲ್ಲಿಂದ ತಂದ್ರಿ ನೀರು?"

"ಕಕ್ಕಸಿಂದ."

"ಅಯ್ಯೋ ಅತ್ತೆ!"

"ಏನು ಅಯ್ಯೋ? ಗುಂಡಿಯದಲ್ಲ, ಮೇಲಿನ ಫ್ಲಶ್ ಟ್ಯಾಂಕಿಂದು. ಈ ಊರಲ್ಲಿ ಕಕ್ಕಸಿಗೆ ಬಿಡೋದು ಸಮುದ್ರದ ನೀರು ತಾನೆ? ದಿನಾ ಅಷ್ಟು ಸಮುದ್ರ ತೊಳ್ಕೊಂಡು ಹೋಗುತ್ತೆ, ಇವನು ನೋಡಿದ್ರೆ ಲಾರಿಯವನಿಗೆ ದುಡ್ಡು ಸುರೀತಾನೆ!"

ವಾದದಲ್ಲಿ ತಪ್ಪು ಹುಡುಕಲು ನನಗೂ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಮನೆಯೆಲ್ಲ ಈಜುಕೊಳದ ವಾಸನೆ. ಹಸಿರು ಹವಳ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡಿತು. ಹಳದಿ ಮೀನು ಮೇಲೆ ಬಂದು ಬಾಯಿ ಬಡಿಯತೊಡಗಿತು.

ಫೋನು ಹೊಡೆದುಕೊಂಡಿತು. ಗಂಡ.

"ಗಾಳಿ ಜೋರಾ? ತೊಟ್ಟಿ ಹೇಗಿದೆ?"

"ಚೆನ್ನಾಗಿದೆ" ಎಂದೆ.

ಅತ್ತೆ ಫೋನು ಕಿತ್ತುಕೊಂಡು, "ಎಲ್ಲಾ ಮೇಲೆ ಬಂದು ಆಡ್ತಿವೆ ಕಣೋ, ಖುಷಿಯಾಗಿವೆ!" ಎಂದರು.

ಇಟ್ಟ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕಬ್ಬಿಣದ ಗ್ರಿಲ್ಲಿನ ಆಚೆ ಯಾರೋ ಕೆಮ್ಮಿದರು. ಪಾಂಗ್, ಕೈಯಲ್ಲಿ ನೆಲ ಒರೆಸುವ ಕೋಲು. ನಮ್ಮ ಸಮುದ್ರ ಅವನ ಹೊಸ್ತಿಲಿಗೂ ಹೋಗಿತ್ತು.

"ಅತ್ತಿಗೆ, ಕ್ಲೋರಿನ್ ವಾಸನೆ ಬರ್ತಿದೆ."

"ಯಾರಿಗೆ ಯಾರು ಅತ್ತಿಗೆ?"

"ಕಕ್ಕಸಿನ ನೀರಿಗೆ ಕ್ಲೋರಿನ್ ಹಾಕಿರ್ತಾರೆ. ಮೀನು ತಡೆಯಲ್ಲ. ನಾನು ಚಿನ್ನದ ಮೀನು ಸಾಕ್ತೀನಿ, ನನ್ಹತ್ರ ಕ್ಲೋರಿನ್ ಕೊಲ್ಲೋ ಹರಳಿದೆ…"

"ನಮ್ಮನ್ನ ಕೊಂದಿದ್ದು ಸಾಕು, ಹೋಗು!"

ಗ್ರಿಲ್ಲಿನ ಹಿಂದಿನ ಮರದ ಬಾಗಿಲನ್ನು ಅವನ ಮೂಗಿನ ಮೇಲೆ ಹಾಕಿದೆ. ಎಷ್ಟು ಹಿತವಾಯಿತೆಂದರೆ, ಇನ್ನೊಂದು ಸಲ ತೆರೆದು ಮತ್ತೆ ಹಾಕೋಣ ಎನಿಸಿತು.

ಹಳದಿ ಮೀನು ಮಗ್ಗುಲಾಯಿತು.

ನನ್ನ ಕಣ್ಣ ಮುಂದೆ ಬಂದದ್ದು ಮೀನಲ್ಲ, ಗೋಡೆಗೆ ತಿರುಗಿದ ಆ ಬೆನ್ನು. ಬಾಗಿಲು ತೆರೆದೆ, ಗ್ರಿಲ್ ಸರಿಸಿದೆ, ಮುಷ್ಕರದ್ರೋಹಿಯ ಬಾಗಿಲು ತಟ್ಟಿದೆ.

ಅವನು ಬಾಗಿಲ ಹಿಂದೆಯೇ ಡಬ್ಬ ಹಿಡಿದು ನಿಂತಿದ್ದ.

"ಒಳಗೆ ಬಂದ್ರೆ ನಿನ್ನ ಕ್ಷಮಿಸಿದೀವಿ ಅಂತ ಅಲ್ಲ" ಎಂದೆ.

"ಗೊತ್ತು ಅತ್ತಿಗೆ. ಚಪ್ಪಲಿ ಬಿಡ್ಲಾ?"

"ಬಿಡು. ನೆಲ ಒದ್ದೆಯಾಗಿದೆ, ಜಾರಿ ಬಿದ್ದು ಸತ್ರೆ ಅದನ್ನೂ ನಮ್ಮ ತಲೆಗೇ ಕಟ್ತಾರೆ."

ಅವನು ಬಿಳಿಯ ಹರಳುಗಳನ್ನು ಲೋಟದಲ್ಲಿ ಕದಡಿ ತೊಟ್ಟಿಗೆ ಸುರಿದ, ತನ್ನ ಮನೆಯ ಗಾಳಿಪಂಪು ತಂದು ಇಳಿಬಿಟ್ಟ. ನಮ್ಮ ತೊಟ್ಟಿಯ ಕಲ್ಲು ಕಲ್ಲೂ ಅವನಿಗೆ ಬಾಯಿಪಾಠ. ಲಿಫ್ಟಿಗೆ ಕಾಯುವಾಗಲೆಲ್ಲ ಗ್ರಿಲ್ಲಿನ ಸಂದಿಯಿಂದ ನೋಡುತ್ತಿದ್ದನಂತೆ. ಕಡಲ ನೀರು ಇನ್ನೂ ಬೇಕು, ಕ್ಲೋರಿನ್ ಸತ್ತ ಮೇಲೆ ಫ್ಲಶ್ ಟ್ಯಾಂಕಿನ ನೀರೂ ಬರೀ ಕಡಲ ನೀರೇ, ಬೇರೆ ದಾರಿಯಿಲ್ಲದಾಗ ಅದನ್ನೇ ಹುಯ್ಯಬಹುದು ಎಂದ.

ಅತ್ತೆ ಸೊಂಟಕ್ಕೆ ಕೈಯಿಟ್ಟರು. "ಕೇಳಿಸ್ತಾ ಲಾನ್? ನಾನು ಹೇಳಿದ್ದು ಇದೇ. ಹರಳೊಂದು ಕಡಿಮೆಯಿತ್ತು, ಅಷ್ಟೇ."

ನೀರಿನ ಭಾರಕ್ಕೆ ಮೂಲಂಗಿ ಕೆಳಗೆ ಜಾರತೊಡಗಿತು. ಪಾಂಗ್ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಜಾಡಿಗಳ ನಡುವೆ ತೂರಿಸಿ, ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ನಮ್ಮ ಫ್ಲಶ್ ಟ್ಯಾಂಕು ತುಂಬಲು ಕಾಯುವಷ್ಟು ತಾಳ್ಮೆ ಅತ್ತೆಗಿರಲಿಲ್ಲ. ಅವನ ಮನೆಗೂ ನುಗ್ಗಿದರು. ಬಕೆಟ್ ಬಕೆಟ್ಟಿಗೂ ಹರಳು ಕದಡಿ, ದ್ರೋಹಿಯ ಕಕ್ಕಸಿನ ಕಡಲನ್ನು ಮುಷ್ಕರಗಾರನ ತೊಟ್ಟಿಗೆ ನಾನೇ ಹೊತ್ತು ಹಾಕಿದೆ. ಹಳದಿ ಮೀನು ನೆಟ್ಟಗಾಯಿತು.

ಸಂಜೆ ಸಿಗ್ನಲ್ ಇಳಿಸಿದ್ದೇ ತಡ ನನ್ನ ಗಂಡ ತೊಯ್ದು ತೊಪ್ಪೆಯಾಗಿ ಬಂದ. ತೊಟ್ಟಿ ನೋಡಿದ. ಕೆಳಗೆ ಬೀರುವಿನಿಂದ ಹೊರಚಾಚಿದ್ದ ಎರಡು ಕಾಲು ನೋಡಿದ.

"ಯಾರದು?"

"ನಾನು, ತಾಮ್ ಅಣ್ಣಾ" ಎಂದಿತು ಬೀರು.

ನನ್ನ ಗಂಡನ ಮುಖ ಗೋಡೆಯ ಕಡೆಗೇ ಹೊರಳಿತು.

"ಎದ್ದು ಹೋಗು" ಎಂದ.

"ಹೋಗೋಕಾಗಲ್ಲ ಅಣ್ಣಾ. ಕೈ ಬಿಟ್ರೆ ಮೂಲಂಗಿ ಬೀಳುತ್ತೆ."

ನನ್ನ ಗಂಡ ಬಗ್ಗಿ ನೋಡಿದ. ನಿಜವಾಗಿಯೂ ಮೂಲಂಗಿ. ಎರಡು ವರ್ಷ ಎದುರು ಬಾಗಿಲಲ್ಲಿದ್ದೂ ಕೈಗೆ ಸಿಗದಿದ್ದ ಮನುಷ್ಯ ಈಗ ಕದಲಲಾರದೆ ಅವನ ಕಾಲ ಬುಡದಲ್ಲಿ ಬಿದ್ದಿದ್ದ. ನನ್ನ ಗಂಡ ಸ್ಟೂಲ್ ಎಳೆದುಕೊಂಡು ಕೂತ.

"ಹಾಗಾದ್ರೆ ಹಿಡ್ಕೊಂಡೇ ಕೇಳು" ಎಂದು ಶುರು ಮಾಡಿದ.

ಶುರು ಮಾಡಿದ್ದು ಪಿಸುದನಿಯಲ್ಲಿ. ಡೇರೆಯಲ್ಲಿ ಒಂದೇ ಕಂಬಳಿ ಹೊದ್ದದ್ದು, ಒಂದೇ ಡಬ್ಬಿಯ ಅನ್ನ ಉಂಡದ್ದು, ಮರುದಿನ ತಲೆಯೆತ್ತಿದರೆ ತನ್ನ ಕ್ರೇನ್ ಅಲ್ಲಾಡುತ್ತಿದ್ದದ್ದು. ಬರಬರುತ್ತ ದನಿ ಏರಿತು. ಕಾರಿಡಾರಿನ ಗ್ರಿಲ್ಲುಗಳೆಲ್ಲ ಒಂದೊಂದಾಗಿ ಸರಿದವು.

"ಒಂದು ಮಾತು ಹೇಳ್ದೆ ಹೋದೆಯಲ್ಲೋ ನಾಯಿ! ಹೋಗಿ ಏನು ಸಿಕ್ತು?"

"ಏನಿಲ್ಲ ಅಣ್ಣಾ. ಇವತ್ತಿಗೂ ಕ್ರೇನಲ್ಲೇ ಕೂತು ಡಬ್ಬಿಗೇ ಉಚ್ಚೆ ಹುಯ್ಯೋದು."

"ಹುಯ್ಯಿ! ಸಹಿ ಹಾಕಿದ ಕೈಯಲ್ಲೇ ಹಿಡ್ಕೊಂಡು ಹುಯ್ಯಿ!"

"ಅವ್ವನಿಗೆ ಆಗ ಆಸ್ಪತ್ರೆ…"

"ನಿನ್ನವ್ವನಿಗೆ ಆಸ್ಪತ್ರೆ, ನನ್ನವ್ವನಿಗೆ ಏನು ಅರಮನೆನಾ?"

ಅತ್ತೆ ನನ್ನ ಕಿವಿಯಲ್ಲಿ, "ಬಿಡಿಸೋದು ಬೇಡ್ವೇನೇ?" ಎಂದರು.

"ಬೇಡ. ಮಾತಾಡ್ತಿದಾನೆ ಅತ್ತೆ."

ಗಂಟಲು ಕಟ್ಟುವ ತನಕ ಮಾತಾಡಿದ. ಕೊಂಬಿನ ಹವಳ ಆಗಲೇ ಬಿಳಿಚಿಕೊಂಡಿತ್ತು, ಅದು ಉಳಿಯಲಿಲ್ಲ. ಹಸಿರು ಹವಳ ಒಂದು ಬೆರಳು ಚಾಚಿತು, ತಕ್ಷಣ ಒಳಗೆಳೆದುಕೊಂಡಿತು. ನನ್ನ ಗಂಡ ಅಂಗಿ ಬಿಚ್ಚಿ ನೆಲಕ್ಕೆ ಮಲಗಿ ಬೀರುವಿನೊಳಗೆ ಕೈ ಹಾಕಿದ.

"ಆ ಕಡೆ ಸರಿ. ನಾನು ಹಿಡೀತೀನಿ. ನಾಳೆ ಬಾ."

"ಹರಳು ತರಬೇಕಾ ಅಣ್ಣಾ?"

"ಹರಳೂ ತಾ. ಬೈಗುಳ ಇನ್ನೂ ಅರ್ಧ ಬಾಕಿಯಿದೆ."